ನಿಪ್ಪಾಣಿಯಿಂದ ಕಾಗವಾಡದವರೆಗೆ

ಕಂಡಕ್ಟರ್ ಆಗಿ ನಾನು ಟಿಕೆಟ್ ಹರಿದ ಸೀಮೆಯಿದು. ನಿಪ್ಪಾಣಿಯಲ್ಲಿ ಮರಾಠಿಯಲ್ಲಿ ಸೀಟು ಕೇಳಿದವರೇ ಚಿಕ್ಕೋಡಿ ಬರುವಷ್ಟರಲ್ಲಿ ಚಿಲ್ಲರೆಗಾಗಿ ಕನ್ನಡದಲ್ಲಿ ಜಗಳ ತೆಗೆಯುತ್ತಿದ್ದರು. ಕಾಗವಾಡದವರಿಗಂತೂ ದವಾಖಾನೆ ಎಂದರೆ ಗಡಿಯಾಚೆ ಮಹಾರಾಷ್ಟ್ರದ ಮಿರಜವೇ.

ಇಲ್ಲಿ ದೊರೆಗಳೂ ಬೇರೆ ಬೇರೆ ಇದ್ದರು. ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ, ಪಕ್ಕದ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ. 1956ರಲ್ಲಿ ಎಲ್ಲ ಮೈಸೂರು ರಾಜ್ಯ ಸೇರಿದವು. ಎರಡು ರಾಜ್ಯಗಳ ಗಡಿ ತಂಟೆ ಬಗೆಹರಿಸಲು ನೇಮಿಸಿದ ಮಹಾಜನ ಆಯೋಗದ 1967ರ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಲು ಹೇಳಿತ್ತು. ಮಹಾರಾಷ್ಟ್ರವೇ ಆ ವರದಿ ಒಪ್ಪಲಿಲ್ಲ, ಊರು ಇಲ್ಲೇ ಉಳಿಯಿತು! ರಾಜಕಾರಣದ ಈ ತಮಾಷೆಗೆ ನಾನು ಇನ್ನೂ ನಗುತ್ತೇನೆ.

ನಿಪ್ಪಾಣಿಯ ಗುರುತು ಬೀಡಿ ತಂಬಾಕು. ವಖಾರಿಗಳ ಘಾಟು ಬಸ್ಸಿನೊಳಗೂ ಬರುತ್ತಿತ್ತು, ಧೂಳಿನಲ್ಲಿ ದುಡಿಯುವ ಹೆಣ್ಣುಮಕ್ಕಳು ಕೆಮ್ಮುತ್ತಲೇ ಹತ್ತುತ್ತಿದ್ದರು. 1981ರಲ್ಲಿ ಬೆಲೆಗಾಗಿ ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಕೂತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದರು. ಗಡಿಗಾಗಿ ಕೂಗಿದವರ ಹೆಸರು ಎಲ್ಲರಿಗೂ ಗೊತ್ತು, ಇವರದು ಯಾರಿಗೆ ನೆನಪಿದೆ?

ಅಥಣಿಗೆ ಮುರುಘೇಂದ್ರ ಶಿವಯೋಗಿಗಳ ಗಚ್ಚಿನ ಮಠವುಂಟು, ಚಪ್ಪಲಿಯೂ ಉಂಟು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಕೈಹೊಲಿಗೆ. ಪೇಟೆಯಲ್ಲಿ ಅದು ಕೊಲ್ಲಾಪುರಿ. ಅದರ ಭೌಗೋಳಿಕ ಸೂಚಕ (ಜಿಐ) ನೋಂದಣಿಯಲ್ಲಿ ಮಾತ್ರ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿವೆ, ಬೆಳಗಾವಿಯೂ ಅದರಲ್ಲೊಂದು.