ಕಳಲೆಯ ಗರಿ, ಬೆಳಕಿನ ತಟ್ಟೆ

ನಂಜನಗೂಡಿನ ಸಮೀಪದ ಕಳಲೆ ಮೈಸೂರು ರಾಜ್ಯಕ್ಕೆ ದಳವಾಯಿಗಳನ್ನು ಕೊಟ್ಟ ಊರು. ಹದಿನೆಂಟನೆಯ ಶತಮಾನದಲ್ಲಿ ಅರಸರ ಹೆಸರಿನಲ್ಲಿ ನಾಡನ್ನಾಳಿದ ಕರಾಚೂರಿ ನಂಜರಾಜಯ್ಯ ಈ ಮನೆತನದವನು. ಕತ್ತಿ ಹಿಡಿದ ಕೈಯಿಂದಲೇ ‘ಹಾಲಾಸ್ಯ ಮಾಹಾತ್ಮ್ಯ’, ‘ಕಕುದ್ಗಿರಿ ಮಾಹಾತ್ಮ್ಯ’ಗಳಂತಹ ಕನ್ನಡ ಕೃತಿಗಳನ್ನು ರಚಿಸಿದವನು. ಆ ಕಾಲದಲ್ಲಿ ಓಲೆಗರಿಯನ್ನು ಕಬ್ಬಿಣದ ಕಂಠದಿಂದ ಗೀರಿ, ಗೀರಿನೊಳಗೆ ಮಸಿ ತೀಡುತ್ತಿದ್ದರು.

ಇದನ್ನೇಕೆ ನೆನೆದೆನೆಂದರೆ, ನಮ್ಮ ಕಾಲದ ಸಿ.ಡಿ.ಯೂ ಗೀರುಬರಹದ ಜಾತಿಯದೇ. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸಂಗೀತಕ್ಕಾಗಿ ಮಾರುಕಟ್ಟೆಗೆ ತಂದ ಈ ತಟ್ಟೆಯ ಅಗಲ ಹನ್ನೆರಡು ಸೆಂಟಿಮೀಟರ್. ಅದರಲ್ಲಿ ಸೂಕ್ಷ್ಮವಾದ ಕುಳಿಗಳ ಒಂದೇ ಸುರುಳಿ. ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ ಅಂತರ. ಕುಳಿಗೂ ಬಯಲಿಗೂ ಲೇಸರ್ ಬೆಳಕು ಮರಳುವ ಬಗೆ ಬೇರೆಯಾದ್ದರಿಂದ ಯಂತ್ರಕ್ಕೆ ಅಕ್ಷರ ತಿಳಿಯುತ್ತದೆ. ಓದು ನಡುವಿನಿಂದ ಅಂಚಿನತ್ತ ಸಾಗುತ್ತದೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

1993ರ ವಿಡಿಯೊ ಸಿ.ಡಿ.ಯಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷದ ಚಿತ್ರ. ನಮ್ಮ ಎರಡೂವರೆ ಗಂಟೆಯ ಸಿನಿಮಾಕ್ಕೆ ಎರಡು ಮೂರು ತಟ್ಟೆ ಬೇಕು. ಕಥೆ ರಂಗೇರುವ ಹೊತ್ತಿಗೆ ಯಾರಾದರೂ ಎದ್ದು ತಟ್ಟೆ ಬದಲಿಸಬೇಕು! 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿ.ವಿ.ಡಿ. ಆ ತೊಂದರೆಯನ್ನು ಕಳೆಯಿತು. ಸಾಲುಗಳು ಇನ್ನೂ ಒತ್ತೊತ್ತಾದವು. ಬೆಳಕಿನ ತರಂಗ ಕಿರಿದಾಯಿತು. 2006ರ ಬ್ಲೂ-ರೇ ನೇರಳೆಯತ್ತ ವಾಲಿದ ಬೆಳಕನ್ನು ಬಳಸಿತು. ಅದರ ಎದುರಾಳಿಯಾದ ಎಚ್.ಡಿ. ಡಿ.ವಿ.ಡಿ.ಯನ್ನು ತೋಷಿಬಾ 2008ರಲ್ಲಿ ಕೈಬಿಟ್ಟಿತು.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆ ಬೇರೆ, ನಾವು ಮನೆಯಲ್ಲಿ ಬರೆದ ತಟ್ಟೆ ಬೇರೆ. ಎರಡನೆಯದರಲ್ಲಿ ಕುಳಿಯಿಲ್ಲ, ಸಾವಯವ ಬಣ್ಣದ ಪದರವಿದೆ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು ಸೆಕೆಗಳಿಗೆ ಆ ಬಣ್ಣ ಮಾಸುತ್ತದೆ. ಈ ಭೇದವನ್ನು ನಾನು ತಿಳಿದದ್ದು ತಡವಾಗಿ.

2004ರಲ್ಲಿ ಕಳಲೆಯ ಹಿರಿಯರೊಬ್ಬರು ಲಕ್ಷ್ಮೀಕಾಂತಸ್ವಾಮಿ ದೇವಾಲಯದ ಬಗೆಗೆ, ದಳವಾಯಿಗಳ ಬಗೆಗೆ ಒಂದು ಗಂಟೆ ಮಾತನಾಡಿದ್ದರು. ಅದನ್ನು ಅಂಥದೊಂದು ತಟ್ಟೆಗೆ ಬರೆಸಿ ಕಪಾಟಿನಲ್ಲಿಟ್ಟು ನಿಶ್ಚಿಂತನಾಗಿದ್ದೆ. ಆ ಹಿರಿಯರು ಈಗಿಲ್ಲ. ಕಳೆದ ವರ್ಷ ತಟ್ಟೆಯನ್ನು ಹೊರತೆಗೆದರೆ ಅಂಚಿನಲ್ಲಿ ಪದರ ಎದ್ದಿತ್ತು. ಓದುವ ಯಂತ್ರ ಹೊಸ ಗಣಕದಲ್ಲಿರಲಿಲ್ಲ; ಹಳೆಯದೊಂದನ್ನು ಎರವಲು ತಂದೆ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಸಿಕ್ಕ ಕೌಟಿಲ್ಯನ ‘ಅರ್ಥಶಾಸ್ತ್ರ’ವೂ ಓಲೆಯ ಮೇಲೆಯೇ ಇತ್ತು. ಹುಳು ಓಲೆಯನ್ನು ತಿನ್ನುವುದೇನೋ ನಿಜ. ಆದರೆ ಒಂದು ಗರಿ ಹಾಳಾಗುವ ಮುನ್ನ ಲಿಪಿಕಾರನೊಬ್ಬ ಇನ್ನೊಂದಕ್ಕೆ ಇಳಿಸುತ್ತಿದ್ದ. ಓದಲು ಕಣ್ಣೇ ಸಾಕಾಗಿತ್ತು. ನಾನು ಎರಡನೆಯ ಪ್ರತಿಯನ್ನು ಮಾಡಿಸಿರಲಿಲ್ಲ.

ತಟ್ಟೆಯ ಒಳಸುತ್ತು ಉಳಿದಿತ್ತು. ಆದ್ದರಿಂದ ಅವರ ಮಾತಿನ ಆರಂಭದ ಸುಮಾರು ನಲವತ್ತು ನಿಮಿಷ ದೊರೆಯಿತು. ಅದನ್ನು ಮೂರು ಕಡೆ ಇಳಿಸಿಟ್ಟಿದ್ದೇನೆ. ನಂಜರಾಜಯ್ಯನ ಕಡೆಯ ದಿನಗಳನ್ನು ಹೇಳಲು ಅವರು ಗಂಟಲು ಸರಿಪಡಿಸಿಕೊಳ್ಳುತ್ತಾರೆ, “ಆಮೇಲೆ ಏನಾಯಿತಪ್ಪಾ ಅಂದರೆ” ಎನ್ನುತ್ತಾರೆ. ಧ್ವನಿ ಅಲ್ಲಿಗೆ ನಿಲ್ಲುತ್ತದೆ.