ಅರಸಾಳು: ಒಂದು ಸಣ್ಣ ನಿಲ್ದಾಣದ ಚರಿತ್ರೆ

ಒಂದು ಸೀಮೆಯ ಚರಿತ್ರೆಯನ್ನು ಅರಿಯಬಯಸುವವರು ಅಲ್ಲಿಯ ದೇವಾಲಯಗಳಿಗೆ ಹೋಗಿ ಶಾಸನಗಳನ್ನು ಓದುತ್ತಾರೆ. ಇಕ್ಕೇರಿ, ಕೆಳದಿ, ಬಳ್ಳಿಗಾವೆಗಳನ್ನು ಪಡೆದ ಶಿವಮೊಗ್ಗ ಸೀಮೆಯವರ ಗಮನ ಅತ್ತ ಹರಿಯುವುದು ಸಹಜವೇ. ಆದರೆ ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಮಲೆನಾಡಿನ ಬದುಕನ್ನು ಬದಲಿಸಿದ ಶಕ್ತಿಗಳ ಗುರುತು ಗುಡಿಯ ಕಲ್ಲಿನ ಮೇಲಿಲ್ಲ. ಅದನ್ನು ರೈಲುಹಳಿಯ ಪಕ್ಕದಲ್ಲಿ ಹುಡುಕಬೇಕು. ಇದಕ್ಕೆ ನಿದರ್ಶನವಾಗಿ ಅರಸಾಳು ಎಂಬ ಸಣ್ಣ ನಿಲ್ದಾಣವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಅರಸಾಳು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೊರಟ ಗಾಡಿ ಕುಂಸಿಯನ್ನು ದಾಟಿ, ಕಾಡಿನ ನಡುವೆ ಸಾಗಿ ಇಲ್ಲಿಗೆ ಬರುತ್ತದೆ. ಈ ಹಳಿ ಇಲ್ಲಿಯವರೆಗೆ ಏಕೆ ಬಂದಿತೆಂಬುದನ್ನು ತಿಳಿಯಲು ನಾವು ಬೀರೂರಿನಿಂದ ಹೊರಡಬೇಕು.

ಬೀರೂರಿನಿಂದ ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗಕ್ಕೆ ಬರುವ ಮೀಟರ್ ಗೇಜ್ ಮಾರ್ಗ 1899ರಲ್ಲಿ ಸಂಚಾರಕ್ಕೆ ತೆರೆಯಿತು. ಅದು ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲ. ಭದ್ರಾವತಿಗೆ ಆಗ ಬೆಂಕಿಪುರವೆಂಬ ಹೆಸರಿತ್ತು. ಮುಂದೆ ಅಲ್ಲಿ ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಮೈದಳೆದು 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಹತ್ತಿರದಲ್ಲಿ ಕೆಮ್ಮಣ್ಣುಗುಂಡಿಯ ಅದಿರು, ಊರ ಮಗ್ಗುಲಲ್ಲೇ ಭದ್ರೆಯ ನೀರು, ಸುತ್ತಲೂ ಕಾಡು, ಇವುಗಳ ಜೊತೆಗೆ ಆಗಲೇ ಹಾಕಿದ್ದ ರೈಲುಹಳಿ: ಇಷ್ಟೂ ಅನುಕೂಲಗಳು ಕೂಡಿದ್ದ ಸ್ಥಳವದು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಆ ಕುಲುಮೆ ಉರಿದದ್ದು ಮರದ ಇದ್ದಿಲಿನಿಂದ. ಕಬ್ಬಿಣ ಕರಗಬೇಕಾದರೆ ಕಾಡು ಕರಗಬೇಕಾಗಿತ್ತು.

ಶಿವಮೊಗ್ಗ ಮೂರು ದಶಕಗಳಿಗೂ ಮಿಕ್ಕಿ ರೈಲಿನ ಕೊನೆಯ ಊರಾಗಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿಗಳದೇ ರಾಜ್ಯ. 1930ರ ದಶಕದಲ್ಲಿ ಹಳಿ ಹಂತಹಂತವಾಗಿ ಮುಂದುವರಿಯಿತು. ಅರಸಾಳು, ಆನಂದಪುರ, ಸಾಗರಗಳನ್ನು ಹಾದು 1940ರಲ್ಲಿ ಅದು ತಾಳಗುಪ್ಪವನ್ನು ಮುಟ್ಟಿತು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ತಾಳಗುಪ್ಪದಿಂದ ಜೋಗ ಕೂಗಳತೆಯ ದೂರವಲ್ಲದಿದ್ದರೂ ಅದಕ್ಕೆ ಅತ್ಯಂತ ಸಮೀಪದ ರೈಲು ನಿಲ್ದಾಣ ಇದೇ. ಶರಾವತಿಯ ವಿದ್ಯುದಾಗಾರ 1948ರಲ್ಲಿ ಬೆಳಕು ಕೊಟ್ಟಿತು. ಹೀಗೆ ಅಡಿಕೆಯೂ ಮರವೂ ಒಳನಾಡಿನಿಂದ ಹೊರಹೋಗುವ ದಾರಿಯೂ, ಹೊರಗಿನ ಯಂತ್ರಯುಗ ಒಳಬರುವ ದಾರಿಯೂ ಒಂದೇ ಆಯಿತು.

ಈಗ ನಿಲ್ದಾಣದ ವಿನ್ಯಾಸವನ್ನು ಗಮನಿಸೋಣ. ಮೀಟರ್ ಗೇಜ್ ಕಾಲದ ಸಣ್ಣ ನಿಲ್ದಾಣಗಳೆಲ್ಲ ಸರಿಸುಮಾರು ಒಂದೇ ಅಚ್ಚಿನವು. ಹೆಂಚು ಹೊದಿಸಿದ ಪುಟ್ಟ ಕಟ್ಟಡ. ಅದರಲ್ಲಿ ಸ್ಟೇಷನ್ ಮಾಸ್ತರರ ಕೋಣೆ, ಟಿಕೇಟಿನ ಕಿಂಡಿ, ಪ್ರಯಾಣಿಕರು ಕೂರಲು ಒಂದು ಜಗಲಿ. ಎದುರಿಗೆ ನೆಲಮಟ್ಟಕ್ಕೆ ಅಂಟಿಕೊಂಡ ಪ್ಲಾಟ್‌ಫಾರಂ. ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಇನ್ನೊಂದು ಹಳಿ. ಎದುರುಬದುರಾದ ಗಾಡಿಗಳು ಒಂದನ್ನೊಂದು ದಾಟುವುದು ಅಲ್ಲಿ. ಸರಕು ತುಂಬುವ ವ್ಯಾಗನ್ನುಗಳಿಗೆ ಬೇರೊಂದು ಕುರುಡು ಹಳಿ. ಎರಡು ತುದಿಗಳಲ್ಲಿ ಕೈಮರಗಳು. ಜನಕ್ಕೆ ಕೊಟ್ಟ ನೆರಳೆಷ್ಟು, ಸರಕಿಗೆ ಬಿಟ್ಟ ನೆಲವೆಷ್ಟು ಎಂದು ಅಳೆದು ನೋಡಿದರೆ ಇಂತಹ ನಿಲ್ದಾಣವನ್ನು ಯಾವುದಕ್ಕಾಗಿ ಕಟ್ಟಿದರೆಂಬುದು ಯಾವ ಕಡತದ ಸಹಾಯವೂ ಇಲ್ಲದೆ ಗೊತ್ತಾಗುತ್ತದೆ.

ಇಂತಹ ಒಂಟಿ ಹಳಿಯ ಮಾರ್ಗಗಳಲ್ಲಿ ಎರಡು ಗಾಡಿಗಳು ಎದುರಾಗದಂತೆ ಕಾಯುತ್ತಿದ್ದ ಟೋಕನ್ ಪದ್ಧತಿ ನನಗೆ ಸದಾ ಬೆರಗಿನ ವಿಷಯ. ಎರಡು ನಿಲ್ದಾಣಗಳ ಯಂತ್ರಗಳು ತಂತಿಯ ಮೂಲಕ ಜೋಡಿಯಾಗಿರುತ್ತವೆ. ಆಚೆಯ ಮಾಸ್ತರರು ಒಪ್ಪಿದ ಹೊರತು ಈಚೆಯ ಯಂತ್ರದಿಂದ ಲೋಹದ ಗೋಲಿ ಹೊರಬೀಳದು. ಒಂದು ಗೋಲಿ ಹೊರಬಿದ್ದ ಮೇಲೆ ಅದು ಆ ನಿಲ್ದಾಣದಲ್ಲೋ ಈ ನಿಲ್ದಾಣದಲ್ಲೋ ಯಂತ್ರದೊಳಕ್ಕೆ ಮರಳುವವರೆಗೆ ಇನ್ನೊಂದು ಬಾರದು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗೋಲಿಯನ್ನಿಟ್ಟು ಚಾಲಕನ ಕೈಗೆ ಕೊಡುತ್ತಿದ್ದರು. ಅದು ಕೈಯಲ್ಲಿದ್ದರೆ ಮುಂದಿನ ದಾರಿ ಅವನದು. ಕಣ್ಣಿಗೆ ಕಾಣದ ಇಬ್ಬರು ಮಾಸ್ತರರ ಪರಸ್ಪರ ನಂಬಿಕೆಯೇ ಆ ಗೋಲಿಯ ರೂಪ ತಾಳಿದಂತಿತ್ತು.

ಇನ್ನು ಈ ನಿಲ್ದಾಣಕ್ಕೆ ಹೆಸರು ತಂದ ಕಥೆ. ಆರ್. ಕೆ. ನಾರಾಯಣ್ ಅವರಿಗೆ 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಮೊದಲು ಕಣ್ಣಿಗೆ ಕಟ್ಟಿದ್ದು ಒಂದು ಪುಟ್ಟ ರೈಲು ನಿಲ್ದಾಣ. ಅದರ ಹೆಸರು ಮಾಲ್ಗುಡಿ. ಅವರ ಮೊದಲ ಕಾದಂಬರಿ ಅಚ್ಚಾದದ್ದು 1935ರಲ್ಲಿ. ಕಲ್ಪನೆಯ ನಿಲ್ದಾಣವೊಂದು ಪುಸ್ತಕದಲ್ಲಿ ಮೂಡಿದ ದಶಕದಲ್ಲೇ ಮಲೆನಾಡಿನ ಈ ಮಾರ್ಗದಲ್ಲಿ ನಿಜವಾದ ಹಳಿಗಳು ಬೀಳುತ್ತಿದ್ದವು. ಅರ್ಧ ಶತಮಾನದ ಬಳಿಕ, 1980ರ ದಶಕದಲ್ಲಿ, ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ಮಾಲ್ಗುಡಿಯ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರಿಸಿದಾಗ ನಿಲ್ದಾಣಕ್ಕಾಗಿ ಅರಸಾಳನ್ನು ಆರಿಸಿಕೊಂಡರು. ಬರಹವೂ ಹಳಿಯೂ ಹೀಗೆ ಒಂದೆಡೆ ಕೂಡಿದವು.

ಬೀರೂರು–ಶಿವಮೊಗ್ಗ ಮಾರ್ಗ 1990ರ ದಶಕದಲ್ಲಿ ಬ್ರಾಡ್ ಗೇಜಾಯಿತು. ಅದರಿಂದ ತಾಳಗುಪ್ಪದ ಮಾರ್ಗ ದ್ವೀಪದಂತೆ ಒಂಟಿಯಾಗಿ ಉಳಿಯಿತು. ಅದರ ಮೇಲೆ ರೈಲುಬಸ್ಸು ಓಡುತ್ತಿದ್ದ ದಿನಗಳೂ ಇದ್ದವು. 2010ರ ಆಸುಪಾಸಿನಲ್ಲಿ ಇಲ್ಲಿಯೂ ಅಗಲ ಹಳಿ ಬಂದು, ಹೊಸ ಕಟ್ಟಡ ಎದ್ದು, ಹಳೆಯದು ಪಾಳುಬಿತ್ತು. ಅಂತಹ ಅದೆಷ್ಟೋ ಹೆಂಚಿನ ಕಟ್ಟಡಗಳು ನಮ್ಮ ಕಣ್ಣೆದುರಿಗೇ ಮಣ್ಣಾಗಿವೆ. ಅರಸಾಳಿನದು ಉಳಿಯಿತು; 2020ರಲ್ಲಿ ಅದು ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಯಿತು.

ಅದು ಉಳಿದದ್ದಕ್ಕೆ ನನಗೆ ಸಂತೋಷವಿದೆ. ಸಾಹಿತ್ಯ ಒಂದು ಗೋಡೆಯನ್ನು ಬೀಳದಂತೆ ಹಿಡಿದು ನಿಲ್ಲಿಸಿತೆಂಬುದು ಸಾಹಿತ್ಯಪ್ರಿಯರಿಗೆ ಅಭಿಮಾನದ ಸಂಗತಿಯೇ. ಆದರೂ ಒಂದು ಪ್ರಶ್ನೆ ಕಾಡುತ್ತದೆ. ಎಂದೂ ಇಲ್ಲದ ಊರಿನ ನೆನಪಿಗಾಗಿ ಈ ಕಟ್ಟಡವನ್ನು ಕಾಪಾಡಿದ ನಾವು, ಇದ್ದ ಊರಿನ ನೆನಪನ್ನು ಎಲ್ಲಿಟ್ಟಿದ್ದೇವೆ? ಕಾಡಿನಲ್ಲಿ ಹಳಿ ಹಾಕಿದ ಕೂಲಿಕಾರರು, ನಡುರಾತ್ರಿ ಲಾಂದ್ರ ಹಿಡಿದು ಕೈಮರದ ದೀಪ ಹೊತ್ತಿಸಿದವರು, ವ್ಯಾಗನ್ನಿಗೆ ದಿಮ್ಮಿ ಏರಿಸಿದ ಹೆಗಲುಗಳು ಯಾವ ಕಾದಂಬರಿಯ ಪಾತ್ರಗಳೂ ಅಲ್ಲ. ಸ್ವಾಮಿಯನ್ನು ಕಾಣಲು ಬರುವ ಮಕ್ಕಳಿಗೆ, ಅದೇ ಜಗಲಿಯಲ್ಲಿ ನಿಲ್ಲಿಸಿ, ಹಳೆಯ ಹಳಿ ಎಲ್ಲಿ ಹಾದಿತ್ತು, ಸರಕು ಎಲ್ಲಿ ಏರುತ್ತಿತ್ತು, ಅದು ಯಾವ ಕಾಡಿನದು, ಯಾವ ಕುಲುಮೆಗೆ ಹೋಯಿತು ಎಂದು ತೋರಿಸಿಕೊಡಬಾರದೇಕೆ? ಆ ಕಾಲವನ್ನು ಕಂಡ ಹಿರಿಯರು ಶಿವಮೊಗ್ಗ, ಭದ್ರಾವತಿಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದವರು ಆ ಮನೆಗಳ ಮಕ್ಕಳು, ಮೊಮ್ಮಕ್ಕಳು; ಅದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.