ಯವಸುರೆಯ ಕಹಿ: ಹಾಪ್ ಬಳ್ಳಿಯ ಆಯ್ಕೆಯ ಇತಿಹಾಸ

ರಸಗಳು ಆರೆಂಬುದು ಆಯುರ್ವೇದದಲ್ಲಿ ಪ್ರಸಿದ್ಧವಾದ ಗಣನೆ. ಅವುಗಳಲ್ಲಿ ತಿಕ್ತವೆಂಬುದು ಕನ್ನಡದ ಕಹಿ, ಹಳಗನ್ನಡದ ಕಯ್ಪು, ಕಟುವೆಂಬುದು ಖಾರ. ದೇಶಭಾಷೆಗಳು ಈ ಭೇದವನ್ನು ಎಲ್ಲೆಡೆಯೂ ಕಾಪಾಡಿಕೊಂಡಿಲ್ಲ. ಮರಾಠಿಯ ‘ಕಡೂ’ ಎಂಬ ಮಾತು ಕಟುಶಬ್ದದಿಂದಲೇ ಹುಟ್ಟಿದ್ದರೂ ಬೇವಿನ ರುಚಿಯನ್ನು ಹೇಳುತ್ತದೆ. ನಾಲಗೆಗೆ ಸ್ವಭಾವತಃ ಅಪ್ರಿಯವಾದ ಈ ತಿಕ್ತರಸವನ್ನು ಐರೋಪ್ಯರು ತಮ್ಮ ನಿತ್ಯಪಾನವಾದ ಬೀರಿನಲ್ಲಿ ಬುದ್ಧಿಪೂರ್ವಕವಾಗಿ ಸೇರಿಸಿದುದೇಕೆ, ಅದಕ್ಕೆ ಹಾಪ್ ಎಂಬ ಬಳ್ಳಿಯನ್ನೇ ಆರಿಸಿಕೊಂಡುದೇಕೆ, ಆ ಬಳ್ಳಿಯ ಜಾತಿಗಳಲ್ಲಿಯೂ ‘ಕಹಿಯ ಹಾಪ್’ ಎಂಬ ವರ್ಗವು ಬೇರ್ಪಟ್ಟುದು ಯಾವಾಗ ಎಂಬಿವು ವಿಚಾರಾರ್ಹವಾದ ಪ್ರಶ್ನೆಗಳು. ರುಚಿಯೇ ಕಾರಣವೆಂದು ಹೇಳುವುದು ವಾಡಿಕೆ. ಲಿಖಿತಾಧಾರಗಳನ್ನು ಪರಿಶೀಲಿಸಿದರೆ ಕೆಡದೆ ನಿಲ್ಲುವ ಗುಣ, ತೆರಿಗೆ, ಬೆಲೆ ಇವೇ ರುಚಿಗಿಂತ ಮುಂದಾಗಿ ಕಾಣುತ್ತವೆ.

ಹಾಪ್ ಎಂಬುದು ಭಂಗಿಯ ಕುಲಕ್ಕೆ ಸೇರಿದ ಬಳ್ಳಿ. ಲಿನೇಯಸನು ೧೭೫೩ರಲ್ಲಿ ಇದಕ್ಕೆ ಹ್ಯೂಮುಲಸ್ ಲೂಪುಲಸ್ ಎಂದು ನಾಮಕರಣ ಮಾಡಿದನು. ಹೆಣ್ಣುಬಳ್ಳಿಯ ಹೂಗೊನೆಯ ಎಸಳುಗಳ ಬುಡದಲ್ಲಿ ಹಳದಿಯ ಧೂಳಿನಂತೆ ಅಂಟಿಕೊಂಡಿರುವ ರಾಳದಲ್ಲಿಯೇ ಕಹಿಯೂ ಪರಿಮಳವೂ ಅಡಗಿರುವುವು. ರೋಮಿನ ಪ್ಲಿನಿಯು ಹೇಳಿರುವ ‘ಲುಪುಸ್ ಸಲಿಕ್ಟಾರಿಯುಸ್’ ಎಂಬುದು ಇದೇ ಬಳ್ಳಿಯೆಂದು ಕೆಲವರು ಗುರುತಿಸುವರು. ಹಾಗಿದ್ದರೂ ಅವನು ಅದನ್ನು ತಿನ್ನುವ ಕಾಡುಸಸ್ಯಗಳ ನಡುವೆ ಎಣಿಸಿರುವನೇ ಹೊರತು ಪಾನೀಯದೊಡನೆ ಸಂಬಂಧಪಡಿಸಿಲ್ಲ. ಬೀರಿಗೂ ಹಾಪಿಗೂ ಸಂಬಂಧವನ್ನು ಕಾಣಿಸುವ ಹಳೆಯ ಆಧಾರವು ಫ್ರಾನ್ಸಿನ ಕೋರ್ಬಿ ಮಠದ ಅಧಿಪತಿ ಅಡಲ್ಹಾರ್ಡನು ಕ್ರಿ. ಶ. ೮೨೨ರಲ್ಲಿ ಮಾಡಿದ ಕಟ್ಟಳೆ. ೧೨ನೆಯ ಶತಮಾನದಲ್ಲಿ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡಳು ಇದು ವಿಷಾದವನ್ನು ಹೆಚ್ಚಿಸುವ ಮೂಲಿಕೆಯೆಂದು ದೂರಿದರೂ ಇದರ ಕಹಿಯು ಪಾನೀಯಗಳನ್ನು ಕೊಳೆಯದಂತೆ ಕಾಯುವುದೆಂದು ಒಪ್ಪಿಕೊಂಡಿದ್ದಾಳೆ. ರುಚಿಯ ಪ್ರಶಂಸೆಯು ಅಲ್ಲಿಲ್ಲ. ಸಂರಕ್ಷಣೆಯ ಮಾತು ಮಾತ್ರವೇ ಇದೆ.

ಹಾಪ್ ಬರುವುದಕ್ಕೆ ಮುಂಚೆ ಉತ್ತರ ಯೂರೋಪಿನಲ್ಲಿ ‘ಗ್ರೂಟ್’ ಎಂಬ ಮೂಲಿಕೆಗಳ ಮಿಶ್ರಣವು ರೂಢಿಯಲ್ಲಿದ್ದಿತು. ಬಾಗ್ ಮರ್ಟಲ್, ಯಾರೋ ಮೊದಲಾದ ಗಿಡಗಳು ಅದರಲ್ಲಿ ಸೇರುತ್ತಿದ್ದುವು. ಅದನ್ನು ಮಾರುವ ಹಕ್ಕು ಅನೇಕ ಕಡೆಗಳಲ್ಲಿ ಬಿಷಪ್ಪರಿಗೂ ಪಾಳೆಯಗಾರರಿಗೂ ಮೀಸಲಾಗಿದ್ದುದರಿಂದ ಮಿಶ್ರಣದ ಬೆಲೆಯೇ ಒಂದು ತೆರಿಗೆಯಾಗಿದ್ದಿತು. ೧೩ನೆಯ ಶತಮಾನದಲ್ಲಿ ಬ್ರೆಮೆನ್, ಹ್ಯಾಂಬುರ್ಗ್ ಪಟ್ಟಣಗಳ ವರ್ತಕರು ಹಾಪ್ ಹಾಕಿದ ಬೀರನ್ನು ಹಡಗುಗಳಲ್ಲಿ ದೂರ ದೇಶಗಳಿಗೆ ಕಳುಹಿಸಿದರು. ಕೆಡದ ಸರಕು ಸಮುದ್ರವನ್ನು ದಾಟಿತು, ಗ್ರೂಟಿನ ಪಾನೀಯವು ಊರಲ್ಲಿಯೇ ಉಳಿಯಿತು. ಬವೇರಿಯದ ದೊರೆಗಳು ೧೫೧೬ರ ಏಪ್ರಿಲ್ ೨೩ರಂದು ಇಂಗೋಲ್‌ಸ್ಟಾಟಿನಲ್ಲಿ ಹೊರಡಿಸಿದ ಶಾಸನವು ಜವೆಗೋದಿ, ಹಾಪ್, ನೀರು ಇವಿಷ್ಟನ್ನೇ ವಿಧಿಸಿತು. ಇದನ್ನು ಶುದ್ಧಿಶಾಸನವೆಂದು ಹೊಗಳುವವರು ಅದರಲ್ಲಿ ಬೀರಿನ ಮಾರಾಟದ ಬೆಲೆಯೂ ಗೊತ್ತುಮಾಡಲ್ಪಟ್ಟಿತ್ತೆಂಬುದನ್ನು ಮರೆಯಬಾರದು.

ಇಂಗ್ಲೆಂಡಿನ ವೃತ್ತಾಂತವು ಹೆಚ್ಚು ಸ್ವಾರಸ್ಯವುಳ್ಳದ್ದು. ಅಲ್ಲಿ ಮೊದಲು ‘ಏಲ್’ ಎಂದರೆ ಹಾಪಿಲ್ಲದ ಪಾನೀಯ, ‘ಬೀರ್’ ಎಂದರೆ ಹಾಪುಳ್ಳದ್ದು. ಏಲು ಕೆಲವೇ ದಿನಗಳಲ್ಲಿ ಹುಳಿಯುತ್ತಿದ್ದುದರಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದಮೇಲೆ ಕಾಯಿಸಬೇಕಾಗಿದ್ದಿತು. ಈ ಕೆಲಸವು ಬಹುಮಟ್ಟಿಗೆ ಮನೆಯ ಹೆಂಗಸರದು. ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ನೆರೆಹೊರೆಯವರಿಗೆ ಮಾರುವರು. ‘ಬ್ರೂಸ್ಟರ್’ ಎಂಬ ಆಂಗ್ಲ ಪದದ ಕೊನೆಯಲ್ಲಿರುವುದು ಪ್ರಾಚೀನವಾದ ಸ್ತ್ರೀಪ್ರತ್ಯಯವೇ ಆಗಿದೆ. ನೂಲುವವಳೆಂಬರ್ಥದ ‘ಸ್ಪಿನ್‌ಸ್ಟರ್’ ಎಂಬಲ್ಲಿಯೂ ಅದುಂಟು. ೧೪ನೆಯ ಶತಮಾನದ ಕೊನೆಯ ಹೊತ್ತಿಗೆ ತಗ್ಗುನಾಡುಗಳಿಂದ ಹಾಪಿನ ಬೀರು ಬರತೊಡಗಿತು. ೧೬ನೆಯ ಶತಮಾನದಲ್ಲಿ ಕೆಂಟ್ ಪ್ರಾಂತದಲ್ಲಿ ಬಳ್ಳಿಯ ತೋಟಗಳೆದ್ದುವು. ವೈದ್ಯನಾದ ಆಂಡ್ರೂ ಬೋರ್ಡನು ೧೫೪೨ರಲ್ಲಿ ಏಲೇ ಆಂಗ್ಲರಿಗೆ ಸಹಜವಾದ ಪಾನವೆಂದೂ ಬೀರು ಡಚ್ಚರಿಗೆ ತಕ್ಕದ್ದೆಂದೂ ಬರೆದನು. ಆದರೆ ೧೫೭೪ರಲ್ಲಿ ಹಾಪ್ ಕೃಷಿಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ ರೆಜಿನಾಲ್ಡ್ ಸ್ಕಾಟನು ಲೆಕ್ಕವನ್ನೇ ಮುಂದಿಟ್ಟನು: ಒಂದು ಬುಷೆಲ್ ಮೊಳಕೆಗಾಳಿನಿಂದ ಏಲಾದರೆ ೮ ಅಥವಾ ೯ ಗ್ಯಾಲನು, ಬೀರಾದರೆ ೧೮ ಅಥವಾ ೨೦ ಗ್ಯಾಲನು. ಏಲಿಗೆ ಬಾಳಿಕೆಯನ್ನು ಕೊಡಬೇಕಾದರೆ ಧಾನ್ಯವನ್ನು ಹೆಚ್ಚಿಸಬೇಕು. ಬೀರಿನಲ್ಲಿ ಆ ಕೆಲಸವನ್ನು ಕಹಿಯೇ ಮಾಡುವುದು. ಬೋರ್ಡನ ವೈದ್ಯವು ಸ್ಕಾಟನ ಗಣಿತಕ್ಕೆ ಸೋತಿತು.

ಸೋತವನು ಬೋರ್ಡನೊಬ್ಬನೇ ಅಲ್ಲ. ತಿಂಗಳುಗಟ್ಟಲೆ ನಿಲ್ಲುವ ಪಾನೀಯವನ್ನು ದೊಡ್ಡ ಹಂಡೆಗಳಲ್ಲಿ ಕಾಯಿಸಿ ಪೀಪಾಯಿಗಳಲ್ಲಿ ತುಂಬಿ ದೂರಕ್ಕೆ ಮಾರಬಹುದು. ಅದಕ್ಕೆ ಬಂಡವಾಳ ಬೇಕು, ಸೌದೆ ಬೇಕು, ಸಾಲ ಕೊಡುವವರು ಬೇಕು. ಇವು ಗೃಹಿಣಿಯರಿಗೆ ದೊರೆಯುತ್ತಿರಲಿಲ್ಲ. ೧೩೦೦ರಿಂದ ೧೬೦೦ರವರೆಗಿನ ಮೂರು ಶತಮಾನಗಳಲ್ಲಿ ಈ ಕಸುಬು ಹೆಂಗಸರ ಕೈಯಿಂದ ಜಾರಿದ ಬಗೆಯನ್ನು ಜೂಡಿತ್ ಬೆನೆಟ್ಟರು ೧೯೯೬ರ ತಮ್ಮ ಗ್ರಂಥದಲ್ಲಿ ಸವಿಸ್ತರವಾಗಿ ನಿರೂಪಿಸಿದ್ದಾರೆ. ಹಾಪೊಂದೇ ಇದಕ್ಕೆ ಕಾರಣವೆನ್ನುವುದು ಅತಿವ್ಯಾಪ್ತಿಯಾಗುವುದು. ಆದರೂ ಪ್ರಧಾನವಾದ ಕಾರಣಗಳಲ್ಲಿ ಅದೊಂದೆಂಬುದು ನಿರ್ವಿವಾದ. ಮನೆಯ ಪಾನೀಯವನ್ನು ಕಾಯಲು ಬಂದ ಬಳ್ಳಿಯು ಅದನ್ನು ಮನೆಯಿಂದಲೇ ಹೊರಡಿಸಿತು.

ಮುಂದೆ ಸರ್ಕಾರವು ಹಾಪಿನ ಮೇಲೆ ಕಣ್ಣಿಟ್ಟಿತು. ೧೮ನೆಯ ಶತಮಾನದ ಆದಿಯಲ್ಲಿ ಪೌಂಡಿಗೆ ಒಂದು ಪೆನ್ನಿಯಂತೆ ತೆರಿಗೆಯನ್ನು ಹಾಕಿ, ಮಾರುವುದಕ್ಕಾಗಿ ಬೀರು ಮಾಡುವವರು ವರ್ಮ್‌ವುಡ್ ಮೊದಲಾದ ಬೇರೆ ಕಹಿಗಳನ್ನು ಉಪಯೋಗಿಸಕೂಡದೆಂದು ನಿಷೇಧಿಸಿತು. ತೆರಿಗೆಯು ರದ್ದಾದುದು ೧೮೬೨ರಲ್ಲಿ. ಹೀಗೆ ಹಾಪಿನ ಏಕಾಧಿಪತ್ಯಕ್ಕೆ ಬೊಕ್ಕಸದ ಬೆಂಬಲವೂ ಒದಗಿತು. ಆ ಕಾಲದಲ್ಲಿ ಕಹಿಯನ್ನು ಅಳೆಯುವ ಸಾಧನವಿರಲಿಲ್ಲ. ವ್ಯಾಪಾರಿಗಳು ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, ಫಾರ್ನಂ, ಕೆಂಟ್, ವೂಸ್ಟರ್ ಎಂದು ಊರಿನ ಹೆಸರಿನಿಂದಲೂ ಬೆಳೆಯ ವರ್ಷದಿಂದಲೂ ಬೆಲೆಕಟ್ಟುತ್ತಿದ್ದರು. ಭಾರತಕ್ಕೆ ಬರುತ್ತಿದ್ದ ಪೇಲ್ ಏಲಿಗೆ ಹಾಪನ್ನು ಹೆಚ್ಚಾಗಿ ಹಾಕುತ್ತಿದ್ದುದು ನಿಜ. ಅದನ್ನು ಲಂಡನಿನ ಹಾಡ್ಜ್‌ಸನ್ನನು ಈ ಪ್ರಯಾಣಕ್ಕೆಂದೇ ಕಲ್ಪಿಸಿದನೆಂಬ ಕಥೆಗೆ ಮಾತ್ರ ಆಧಾರವಿಲ್ಲ. ಹಾಪ್ ಹೆಚ್ಚಾದ ‘ಅಕ್ಟೋಬರ್ ಬೀರು’ ಅಲ್ಲಿ ಮೊದಲೇ ಬಳಕೆಯಲ್ಲಿದ್ದಿತು.

ಮನೆಯಲ್ಲಿ ಪಾನೀಯವನ್ನು ಮಾಡುವುದಕ್ಕೂ ರಾಜ್ಯಾಧಿಕಾರಕ್ಕೂ ಇರುವ ಈ ಜಗ್ಗಾಟವು ಯೂರೋಪಿನ ಸೊತ್ತಲ್ಲ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣವು ಸುರೆಯನ್ನು ರಾಜನ ಅಧೀನದಲ್ಲಿಟ್ಟರೂ, ಗೃಹಸ್ಥರು ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಅನುಮತಿಸುತ್ತದೆ. ಅಲ್ಲಿಯ ಸಂಭಾರಗಳಲ್ಲಿ ಪಾಠಾ, ದಾರುಹರಿದ್ರಾ ಎಂಬ ತಿಕ್ತದ್ರವ್ಯಗಳೂ ಉಂಟು. (ಅಲ್ಲಿ ಹುದುಗಿಗೆ ಹೇಳಿರುವ ‘ಕಿಣ್ವ’ಶಬ್ದವನ್ನು ಇಂದಿನ ಕನ್ನಡ ವಿಜ್ಞಾನಗ್ರಂಥಗಳು ಎಂಜೈಮಿಗೆ ಕೊಟ್ಟುಬಿಟ್ಟಿವೆ.) ಇಂಗ್ಲೆಂಡಿನಲ್ಲಿ ೧೮೮೦ರ ಶಾಸನವು ಮನೆಯ ಬೀರಿಗೂ ಪರವಾನಗಿಯನ್ನು ಬೇಡಿತು, ಅದು ತೊಲಗಿದುದು ೧೯೬೩ರಲ್ಲಿ. ಅಮೆರಿಕದಲ್ಲಿ ೧೯೩೩ರಲ್ಲಿ ಪಾನನಿಷೇಧವು ರದ್ದಾದ ಮೇಲೆಯೂ ಮನೆಯ ಬೀರಿಗೆ ಅನುಮತಿ ದೊರೆಯಲಿಲ್ಲ. ೧೯೭೮ರಲ್ಲಿ ಅಧ್ಯಕ್ಷ ಕಾರ್ಟರರು ರುಜು ಹಾಕಿದ ಶಾಸನದಿಂದಲೇ ಅದು ದೊರೆಯಿತು.

ಕಹಿಗೆಂದೇ ಬೆಳೆಸುವ ಹಾಪ್ ೨೦ನೆಯ ಶತಮಾನದ ಸೃಷ್ಟಿ. ಕೆಂಟಿನ ವೈ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಇ. ಎಸ್. ಸಾಮನ್ನರು ಕೆನಡಾದ ಮ್ಯಾನಿಟೋಬಾದಿಂದ ತರಿಸಿದ ಕಾಡುಬಳ್ಳಿಯ ಬೀಜದಿಂದ ಹುಟ್ಟಿಸಿದ ‘ಬ್ರೂವರ್ಸ್ ಗೋಲ್ಡ್’ ೧೯೩೪ರಲ್ಲಿ ಬಳಕೆಗೆ ಬಂದಿತು. ರಾಳವು ಸಮೃದ್ಧವೆಂದು ಮೆಚ್ಚಿದವರೇ ಅದರ ವಾಸನೆಗೆ ಮೂಗು ಮುರಿದರು. ಈ ವಿರೋಧದ ಪರಿಹಾರವು ರಸಾಯನಶಾಸ್ತ್ರದಲ್ಲಿದೆ. ರಾಳದಲ್ಲಿಯ ಆಲ್ಫಾ ಆಮ್ಲಗಳು ಮೊದಲು ನೀರಿನಲ್ಲಿ ಚೆನ್ನಾಗಿ ಕರಗವು. ಒಂದು ಗಂಟೆಯ ಹೊತ್ತು ಕುದಿಸಿದರೆ ರೂಪಾಂತರ ಹೊಂದಿ ಕರಗಿ ಕಹಿಯನ್ನು ಕೊಡುವುವು. ಅಷ್ಟರಲ್ಲಿ ಸುಗಂಧತೈಲಗಳು ಬಹುಪಾಲು ಆವಿಯಾಗಿ ಹೋಗುವುವು. ಆದುದರಿಂದ ಮೊದಲಿಗೆ ಹಾಕುವ ಹಾಪಿಗೆ ಕಹಿಯ ಪ್ರಮಾಣವೂ ಕೊನೆಗೆ ಹಾಕುವ ಹಾಪಿಗೆ ಪರಿಮಳವೂ ಮುಖ್ಯವೆಂಬ ವಿಭಾಗವು ಸಿದ್ಧವಾಯಿತು.

ಮನೆಯ ಹಂಡೆಯಲ್ಲಿ ಇದರ ಫಲವನ್ನು ಲೆಕ್ಕದಿಂದ ತೋರಿಸಬಹುದು. ಕಹಿಯ ಒಂದು ಮಾನವೆಂದರೆ ಲೀಟರಿಗೆ ಸುಮಾರು ೧ ಮಿಲಿಗ್ರಾಂ ರೂಪಾಂತರಿತ ಆಮ್ಲ. ಹಾಕಿದ ಆಮ್ಲದಲ್ಲಿ ನಾಲ್ಕನೆಯ ಒಂದು ಪಾಲು ಬೀರಿಗೆ ಸೇರುವುದೆಂದು ಇಟ್ಟುಕೊಂಡರೆ, ೨೦ ಲೀಟರಿಗೆ ೩೫ ಮಾನದ ಕಹಿ ಬರಬೇಕಾದರೆ ೨,೮೦೦ ಮಿಲಿಗ್ರಾಂ ಆಮ್ಲ ಬೇಕು. ಶೇಕಡಾ ೧೪ ಆಮ್ಲವುಳ್ಳ ಜರ್ಮನಿಯ ಮ್ಯಾಗ್ನಮ್ ಹಾಪಾದರೆ ೨೦ ಗ್ರಾಂ ಸಾಕು, ಶೇಕಡಾ ೩.೫ ಇರುವ ಬೊಹಿಮಿಯಾದ ಸಾಜ್ ಆದರೆ ೮೦ ಗ್ರಾಂ ಬೇಕು. ಅಷ್ಟು ಸೊಪ್ಪು ಬಿದ್ದರೆ ಒಗರೂ ಹಸುರು ವಾಸನೆಯೂ ಸೇರುವುವು, ಬೀರಿನ ಸ್ವಲ್ಪ ಭಾಗವನ್ನು ಸೊಪ್ಪೇ ಹೀರಿಕೊಳ್ಳುವುದು. ಕಹಿಗೆಂದು ಮ್ಯಾಗ್ನಮಿನಂಥದನ್ನು ಆರಿಸುವವರ ಪಕ್ಷವು ಇಲ್ಲಿ ಯುಕ್ತಿಯುಕ್ತವಾಗಿದೆ.

ಕಹಿಯೆಲ್ಲವೂ ಒಂದೇ ಬಗೆಯದೇ ಎಂಬ ವಿವಾದ ಮಾತ್ರ ಉಳಿದಿದೆ. ಆಲ್ಫಾ ಆಮ್ಲಗಳಲ್ಲಿ ಕೋಹ್ಯುಮುಲೋನ್ ಎಂಬುದು ಹೆಚ್ಚಾದರೆ ಕಹಿಯು ಒರಟಾಗುವುದೆಂದು ರಿಗ್ಬಿ ಎಂಬ ವಿದ್ವಾಂಸರು ೧೯೭೨ರಲ್ಲಿ ಪ್ರತಿಪಾದಿಸಿದರು. ತಳಿಗಳನ್ನು ಬೆಳೆಸುವವರು ಬಹುಕಾಲ ಅದನ್ನೇ ಪ್ರಮಾಣವೆಂದು ಅನುಸರಿಸಿದರು. ಅನಂತರದ ಪರೀಕ್ಷಕರು ಅದನ್ನು ಪ್ರಶ್ನಿಸಿದ್ದಾರೆ. ಹಾಪು ಗಾಳಿಗೂ ಶಾಖಕ್ಕೂ ಸಿಕ್ಕಿದರೆ ಆಮ್ಲವು ಕ್ಷೀಣಿಸುವುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದಕಾರಣ ಗಾಳಿ ತೆಗೆದ ಪೊಟ್ಟಣದ ಮೇಲೆ ಆಮ್ಲದ ಶೇಕಡಾಂಶವನ್ನೂ ಬೆಳೆಯ ವರ್ಷವನ್ನೂ ಅಚ್ಚುಹಾಕುವರು. ಪರಿಮಳದ ಹಾಪನ್ನು ಕೊಳ್ಳುವವರು ಈಗಲೂ ಅದನ್ನು ಅಂಗೈಯಲ್ಲಿ ಉಜ್ಜಿ ಮೂಸಿಯೇ ನೋಡುವರು.